ಕೋಳಿ ತಿನ್ನದ ಶುಂಠಿ

ಮಾಘ ಮಾಸದಲ್ಲಿ ನಿಮಗೆಲ್ಲಾದರೂ ಮಾವಿನಕಾಯಿ ವಾಸನೆ ಬಂದಿದೆಯೇ? ಮರಗಳು ಆಗಷ್ಟೇ ಹೂ ಬಿಟ್ಟಿರುತ್ತವೆ. ಕಾಯಿಗೆ ಇನ್ನೂ ತಿಂಗಳುಗಟ್ಟಲೆ ಕಾಯಬೇಕು. ಹೋದ ವಾರ ನಮ್ಮ ಮಾಗಡಿ ಮನೆಯ ಹಿತ್ತಲಲ್ಲಿ, ದಾಸವಾಳದ ಗಿಡದ ಪಕ್ಕ, ನಿಂಬೆ ಸಸಿಗೆಂದು ಗುಂಡಿ ತೋಡುತ್ತಿದ್ದೆ. ಮೂರನೆಯ ಏಟಿಗೆ ಹಾರೆ ಏನನ್ನೋ ಕಚಕ್ಕನೆ ಕತ್ತರಿಸಿತು. ಹಿಂದೆಯೇ ನೆಲದೊಳಗಿಂದ, ಆಗ ತಾನೇ ಹೆಚ್ಚಿದ ಎಳೆ ಮಾವಿನಕಾಯಿಯ ವಾಸನೆ ಎದ್ದು ಬಂತು. ಬಗ್ಗಿ ಮಣ್ಣು ಕೆದಕಿದೆ. ಬೆರಳುಗಳ ಹಾಗೆ ಕವಲೊಡೆದ ಗಡ್ಡೆಗಳು. ಒಂದೆರಡಲ್ಲ, ಒಂದು ಮೊರದಷ್ಟು.

ಹಿತ್ತಲ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಗಿರಿಜೆ ಮೂಗರಳಿಸಿದಳು. “ಮಾವಿನಕಾಯಿ ಶುಂಠಿ ಅಲ್ವೇನ್ರೀ ಅದು? ನಮ್ಮೂರಿಂದ ನಾನು ತಂದಿದ್ದು?”

ಹೌದು, ಅದೇ. ಆದರೆ ಅದು ಸತ್ತು ಹನ್ನೊಂದು ವರ್ಷವಾಗಿತ್ತು. ಕೊಂದವರು ಯಾರೆಂದು ಪತ್ತೆ ಹಚ್ಚಿ, ವಿಚಾರಣೆ ನಡೆಸಿ, ತೀರ್ಪನ್ನೂ ಕೊಟ್ಟವನು ನಾನೇ.

ನನ್ನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು. “ಶುಂಠಿ ಬೇರಲ್ಲ, ಕಾಂಡ!” ಎಂದು ಮೇಜು ಕುಟ್ಟಿ ಹೇಳಿದವನು. ಎಲೆಯೆಲ್ಲ ಒಣಗಿ ಬಿದ್ದರೂ ಗಡ್ಡೆ ನೆಲದೊಳಗೆ ಜೀವ ಹಿಡಿದಿರುತ್ತದೆ, ಮಳೆ ಬಿದ್ದ ಕೂಡಲೇ ಚಿಗುರುತ್ತದೆ ಎಂದು ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆದು ತೋರಿಸಿದವನು. ಆ ಪಾಠ ನನ್ನ ವಿದ್ಯಾರ್ಥಿಗಳಿಗೆಲ್ಲ ಚೆನ್ನಾಗಿ ಅರ್ಥವಾಗಿತ್ತು. ತರಗತಿಯಲ್ಲಿ ಅರ್ಥವಾಗದೆ ಉಳಿದವನು ಒಬ್ಬನೇ.

ಪಕ್ಕದ ಮನೆಯವರು ಸಾಕಮ್ಮ. ನಮಗೂ ಅವರಿಗೂ ನಡುವೆ ಇದ್ದದ್ದು ಒಂದು ಮುರುಕು ಬೇಲಿ. ಆಕೆ ಹದಿನೈದಿಪ್ಪತ್ತು ನಾಟಿ ಕೋಳಿ ಸಾಕಿದ್ದರು. ನಾವು ಮೊಟ್ಟೆ ಮುಟ್ಟದ ಮನೆತನದವರಾದರೂ ಕೋಳಿಗಳು ನಮ್ಮ ಹಿತ್ತಲನ್ನು ಮುಟ್ಟದೆ ಇರುತ್ತಿರಲಿಲ್ಲ. ಕೋಳಿಗೆ ಕಾಯಿಲೆ ಬಂದರೆ ಸಾಕಮ್ಮ ಔಷಧಿ ಬಾಟಲಿ ಹಿಡಿದು ಬರುತ್ತಿದ್ದರು: “ಮೇಷ್ಟ್ರೇ, ಎಷ್ಟ್ ತೊಟ್ಟು ಆಕ್ಬೇಕು, ಒಸಿ ಓದೇಳಿ.” ಊರಿಗೆ ಹೋಗುವಾಗ ಮನೆ ಬೀಗದ ಕೈ ನಮ್ಮಲ್ಲೇ ಕೊಡುತ್ತಿದ್ದರು. ಅಷ್ಟು ನಂಬಿಕೆ.

ಗಿರಿಜೆಯ ತವರು ಕನಕಪುರದಾಚೆಯ ದೊಡ್ಡಆಲಹಳ್ಳಿ. ಅಲ್ಲಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಎರಡು ಗಡ್ಡೆಯನ್ನು ನಾನು ಹಿತ್ತಲ ಮೂಲೆಯಲ್ಲಿ ನೆಟ್ಟೆ. ಮಳೆಗಾಲದಲ್ಲಿ ಸೊಂಟದೆತ್ತರ ಬೆಳೆಯಿತು. ಸಂಕ್ರಾಂತಿಯಾದ ಮೇಲೆ ಹತ್ತು ದಿನ ತರಬೇತಿಗೆಂದು ರಾಮನಗರಕ್ಕೆ ಹೋಗಿ ಬಂದು ನೋಡುತ್ತೇನೆ, ಮೂಲೆಯಲ್ಲಿ ಒಂದು ಎಲೆಯೂ ಇಲ್ಲ. ಮಣ್ಣೆಲ್ಲ ಕೆದಕಿ ಬಿಸಾಡಿದೆ. ನಡುವೆ ಒಂದು ಕೆಂಪು ಹೇಂಟೆ ಒಂಟಿ ಕಾಲಲ್ಲಿ ನಿಂತು ನನ್ನನ್ನೇ ನೋಡುತ್ತಿದೆ. ಇನ್ನೇನು ಸಾಕ್ಷಿ ಬೇಕು?

“ಸಾಕಮ್ಮ, ನಿಮ್ಮ ಕೋಳಿಗಳು ನನ್ನ ಶುಂಠಿಯನ್ನೆಲ್ಲ ತಿಂದುಹಾಕಿವೆ!” ಎಂದು ಬೇಲಿಯ ಈಚೆಯಿಂದ ಕೂಗಿದೆ.

“ಕೋಳಿ ಎಲ್ಲಾದ್ರೂ ಶುಂಠಿ ತಿಂತದಾ ಮೇಷ್ಟ್ರೇ? ತಿಂದು ಏನ್ ಮಾಡದು, ಕಷಾಯ ಕಾಸ್ಕಂಡದಾ?” ಎಂದರು ಸಾಕಮ್ಮ.

ಬೀದಿಯಲ್ಲಿದ್ದವರು ನಕ್ಕರು. ಅದು ನನ್ನ ಪಿತ್ತ ಕೆರಳಿಸಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಮಾರನೆಯ ಬೆಳಗ್ಗೆ ಆಕೆ ಅಷ್ಟೂ ಕೋಳಿಗಳನ್ನು ಬಿದಿರು ಕುಕ್ಕೆಗೆ ತುಂಬಿ, ಚನ್ನಪಟ್ಟಣದ ಹತ್ತಿರ ಹೊಂಗನೂರಿನಲ್ಲಿದ್ದ ತಂಗಿಯ ಮನೆಗೆ ಸಾಗಿಸಿದರು. ಗಿರಿಜೆಯ ಜೊತೆ ಮಾತುಕತೆ ಎಂದಿನಂತೆಯೇ ಇತ್ತು. ನನ್ನ ನೆರಳು ಕಂಡರೆ ಮಾತ್ರ ಪೊರಕೆ ಕೆಳಗಿಟ್ಟು ಒಳಗೆ ಹೋಗುತ್ತಿದ್ದರು.

ನಾನು ಬೇಸರದಲ್ಲಿ ಆ ಮೂಲೆಗೆ ಹಳೆಯ ಹೆಂಚು ಪೇರಿಸಿದೆ. ಹಾವಿನ ಭಯಕ್ಕೆ ಗಿರಿಜೆ ಅತ್ತ ಬರುವುದನ್ನೇ ಬಿಟ್ಟಳು. ಗಡ್ಡೆ ಮಾತ್ರ ಹೆಂಚಿನಡಿಯಿಂದ ಸರಿದು ದಾಸವಾಳದ ಬುಡಕ್ಕೆ ಬಂದು ಪ್ರತಿ ಮಳೆಗಾಲ ಚಿಗುರಿತು. ನಾನು ನೋಡಲಿಲ್ಲವೇ ಎನ್ನುತ್ತೀರಾ? ಬೇಕಾದಷ್ಟು ನೋಡಿದೆ. “ಇದು ಹೂ ಬಿಡದ ಅಪರೂಪದ ಕಾಬಾಳೆ” ಎಂದು ಬಂದವರಿಗೆಲ್ಲ ತೋರಿಸಿದೆ ಕೂಡ.

ಈಗ ಆ ಕಾಬಾಳೆ ಮಾವಿನಕಾಯಿ ವಾಸನೆ ಬೀರುತ್ತಾ ನನ್ನ ಕೈಯಲ್ಲಿತ್ತು. ನಿಜ ಹೇಳುತ್ತೇನೆ, ನನಗೆ ಮೊದಲು ಹೊಳೆದದ್ದು ಗುಂಡಿ ಮುಚ್ಚಿಬಿಡುವ ಉಪಾಯ. ಕಾಲಿನಿಂದ ಮಣ್ಣು ಸರಿಸತೊಡಗಿದೆ.

“ಮುಚ್ಚಿ, ಮುಚ್ಚಿ,” ಎಂದಳು ಗಿರಿಜೆ. “ಮುಚ್ಚಿದ್ರೆ ಮಳೆಗೆ ಮತ್ತೆ ಚಿಗುರುತ್ತೆ.”

ಗಡ್ಡೆಗಳನ್ನು ತೊಳೆದು ಸ್ಟೀಲ್ ತಟ್ಟೆಗೆ ಹಾಕಿಕೊಂಡು ಸಾಕಮ್ಮನ ಮನೆಗೆ ಹೊರಟೆ. ಇಪ್ಪತ್ತು ಹೆಜ್ಜೆಯ ದಾರಿ. ಆಕೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ತಟ್ಟೆಯನ್ನು ನೋಡಿದರು. ಒಂದು ಗಡ್ಡೆ ಮುರಿದು ಮೂಸಿದರು.

“ಕೋಳಿಗಳ ತಪ್ಪಿರಲಿಲ್ಲ ಸಾಕಮ್ಮ. ಎಲೆ ತಾನಾಗೇ ಒಣಗಿತ್ತು, ಗಡ್ಡೆ ನೆಲದೊಳಗೇ ಇತ್ತು. ನನ್ನಿಂದ ನೀವು ಕೋಳಿಗಳನ್ನ ಕಳಿಸಬೇಕಾಯ್ತು. ಮತ್ತೆ ತಂದುಕೊಡ್ತೀನಿ,” ಎಂದೆ.

“ಕೋಳಿ ಏನ್ ಮಾಡಾನ ಈಗ, ಮಂಡಿ ಬಗ್ಗಕಿಲ್ಲ,” ಎಂದು ಇನ್ನೊಂದು ಕಾಯಿ ಸುಲಿದರು. “ನಾನ್ ಮಾತು ಬುಟ್ಟಿದ್ದು ಕೋಳಿಗಲ್ಲ ಮೇಷ್ಟ್ರೇ. ‘ಸುಳ್ಳು ಹೇಳಬೇಡ’ ಅಂದ್ರಿ ನೀವು. ಬೀದಿ ಜನದ ಮುಂದೆ. ಅಲ್ಲೀಗಂಟ ನನ್ನ ‘ನೀವು’ ಅಂತಿದ್ದೋರು.”

ಆ ಮಾತು ನನಗೆ ನೆನಪೇ ಇರಲಿಲ್ಲ. ಹೇಂಟೆಯ ಬಣ್ಣ ನೆನಪಿತ್ತು, ಅದು ನಿಂತ ಭಂಗಿ ನೆನಪಿತ್ತು. ಒಬ್ಬ ಹೆಣ್ಣುಮಗಳು ಹನ್ನೊಂದು ವರ್ಷ ಎದೆಯಲ್ಲಿಟ್ಟುಕೊಂಡ ನನ್ನದೇ ಮಾತು ನನ್ನ ತಲೆಯಿಂದ ಹಾರಿಹೋಗಿತ್ತು.

ನಾನು ತಿರುಗಿ ಬೀದಿಗೆ ಮುಖ ಮಾಡಿ ನಿಂತೆ. ತರಗತಿಯ ಕೊನೆಯ ಬೆಂಚಿಗೂ ಮುಟ್ಟುತ್ತಿದ್ದ ದನಿಯಲ್ಲಿ, “ಸಾಕಮ್ಮನವರು ಸುಳ್ಳು ಹೇಳಿರಲಿಲ್ಲ. ತಪ್ಪು ತಿಳಿದವನು ನಾನು,” ಎಂದೆ. ಸೊಪ್ಪಿನ ಗಾಡಿಯವನು ಗಾಡಿ ನಿಲ್ಲಿಸಿ ನೋಡಿದ. ಎದುರು ಮನೆಯ ಕಿಟಕಿ ತೆರೆಯಿತು.

“ಅಯ್ಯೋ ಶಿವನೇ, ಕುಂತ್ಕಳಿ ಸುಮ್ನೆ!” ಎಂದು ಸಾಕಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದರು. ಸೆರಗಿನ ಹಿಂದೆ ನಗುತ್ತಿದ್ದರು. ಅವರೆಕಾಯಿಯ ಮೊರವನ್ನು ಅರ್ಧ ನನ್ನ ಕಡೆಗೆ ತಳ್ಳಿದರು. ನಾನೂ ಸುಲಿಯತೊಡಗಿದೆ.

ನಿನ್ನೆ ಬೆಳಗ್ಗೆ ಆಕೆ ನಮ್ಮ ಹಿತ್ತಲಿಗೆ ಬಂದರು. ಒಂದೊಂದು ಗಿಡದ ಮುಂದೆಯೂ ನಿಂತು, “ಇದ್ನ ಏನಂತ ತಿಳ್ಕಂಡಿದ್ದೀರಿ?” ಎಂದು ಪರೀಕ್ಷೆ ಮಾಡಿದರು. ಐದರಲ್ಲಿ ಎರಡು ಸರಿಯಾಯಿತು. ಬಾವಿಕಟ್ಟೆಯ ಪಕ್ಕದ ಬರಿಯ ನೆಲದ ಹತ್ತಿರ ಬಂದಾಗ, “ನಿಂಬೆ ಸಸಿಗೆ ಇಲ್ಲಿ ಅಗೆಯಬಹುದೇ?” ಎಂದು ಕೇಳಿದೆ. ಹಿತ್ತಲು ನನ್ನದು, ಹಾರೆಯೂ ನನ್ನದು. ಹಾಗೆ ಒಬ್ಬರನ್ನು ಕೇಳಿದ್ದು ಅದೇ ಮೊದಲು.

ಸಾಕಮ್ಮ ನೆಲವನ್ನು ಕಾಲಿನಿಂದ ಕೆದಕಿ ನೋಡಿದರು. “ಒಸಿ ತಡೀರಿ ಮೇಷ್ಟ್ರೇ. ಮುಂಗಾರು ಬರ್ಲಿ. ಒಳಗೆ ಯಾರ್ಯಾರು ಮಲಗವ್ರೋ, ಎದ್ದು ಬರ್ತಾರೆ.”

ನಾನು ಹಾರೆಯನ್ನು ಗೋಡೆಗೆ ಒರಗಿಸಿಟ್ಟೆ.