ವೀಳ್ಯ ಆಗದ ಬೀಗರು

ನಿನ್ನ ತಂಗಿಯ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಮೊದಮೊದಲು ನನಗೆ ಹೇಳಲು ಬರುತ್ತಿರಲಿಲ್ಲ. ನಾನು ಓದಿದ್ದು ನಾಲ್ಕನೇ ತರಗತಿ. ಅವಳು ಹಡಗಲಿ, ಕೊಟ್ಟೂರು, ಕೂಡ್ಲಿಗಿ ಕಡೆಯ ಸಂಘಗಳಿಗೆ ಹೋಗಿ ನಡವಳಿಕೆಯ ನಿಯಮ ಬರೆದುಕೊಡುತ್ತಾಳೆ. ಸಂಘದ ಕೆಲಸದಲ್ಲಿ ತನ್ನವರ ಲಾಭ ಅಡ್ಡ ಬಂದರೆ ಸದಸ್ಯನಾದವನು ಏನು ಮಾಡಬೇಕು ಎಂದು ತಿಳಿಸುತ್ತಾಳೆ.

ನಾನಿರುವ ಮಲ್ಲಿಗೆ ಬೆಳೆಗಾರರ ಸಂಘವೂ ಅವಳನ್ನು ಕರೆಸಿತು. ಮೊದಲ ದಿನವೇ ಎದ್ದು ನಿಂತು, ನನ್ನ ಕಡೆ ಕೈ ತೋರಿಸಿ, "ಈ ಸದಸ್ಯರು ನನ್ನ ಒಡಹುಟ್ಟಿದ ಅಣ್ಣ. ಬರ್ಕೊಳ್ರಿ. ಬ್ಯಾಡ ಅಂದ್ರ ಬ್ಯಾರೆಯವರನ್ನ ಕರಸ್ರಿ" ಎಂದಳು.

"ಬರ್ಕೊಳ್ಳೂದೇನೈತಬೇ, ಇಬ್ಬರ ಮೂಗು ನೋಡಿದ್ರ ಗೊತ್ತಾಗತೈತಿ" ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು. ಅವಳು ಮಾತ್ರ ಬರೆಸಿಯೇ ಕುಳಿತಳು.

ಹೂವು ಸಾಗಿಸಲು ಯಾರ ಗಾಡಿ ಗೊತ್ತು ಮಾಡಬೇಕೆಂದು ತೀರ್ಮಾನಿಸುವ ದಿನ ಬಂತು. ನಸುಕಿನಲ್ಲಿ ಎದ್ದು ಮೊಗ್ಗು ಬಿಡಿಸಿ ಬಂದಿದ್ದೆ. ಪಕ್ಕದ ಕೋಣೆಯ ಬುಟ್ಟಿಗಳಲ್ಲಿ ಮೊಗ್ಗು ಒಂದೊಂದೇ ಬಿರಿಯುತ್ತಿತ್ತು. ವಾಸನೆ ಮೆಲ್ಲಗೆ ಒಳಗೆ ಬಂದು ನಮ್ಮೆಲ್ಲರ ಮೇಲೆ ಮಂಜಿನಂತೆ ಕೂತಿತ್ತು. ಅದರೊಳಗಿಂದ ತಂಗಿಯ ದನಿ ಕೆರೆಯ ಆಚೆ ದಡದಿಂದ ಬಂದಂತೆ ಕೇಳಿತು:

"ಗಾಡಿಯವರ ಪೈಕಿ ನಿಮ್ಮ ನೆಂಟರು, ಬೀಗರು, ಬೇಕಾದವರು ಯಾರರ ಅದಾರೇನ್ರಿ? ಇದ್ದವರು ಹೇಳಿ ಹೊರಗ ಹೋಗ್ರಿ."

ಇದ್ದರು. ಹರಪನಹಳ್ಳಿ ಕಡೆಯ ಗಾಡಿಯವರೊಬ್ಬರ ಮಗನಿಗೆ ನನ್ನ ಮಗಳನ್ನು ಕೊಡುವ ಮಾತಾಗಿತ್ತು. ಆದರೆ ವೀಳ್ಯ ಆಗಿರಲಿಲ್ಲ. ಎಲೆ ಅಡಿಕೆ ಕೈ ಬದಲಾಗುವವರೆಗೆ ನಮ್ಮಲ್ಲಿ ಯಾರೂ ಯಾರನ್ನೂ ಬೀಗರು ಅನ್ನುವುದಿಲ್ಲ. ಆ ಮಾತನ್ನೇ ಕಂಬಳಿಯಂತೆ ಹೊದ್ದುಕೊಂಡು ಕುಳಿತೆ. ಕೈ ಎತ್ತುವಾಗ ಅವರ ಗಾಡಿಗೇ ಎತ್ತಿದೆ.

ಹದಿನೈದು ದಿನಕ್ಕೆ ವೀಳ್ಯವಾಯಿತು. ಸೋದರತ್ತೆಯಾಗಿ ತಂಗಿಯೇ ತಟ್ಟೆ ಹಿಡಿದಿದ್ದಳು. ಬೀಗರಿಗೆ ಗಾಡಿ ಇರುವ ಸಂಗತಿ ಅವಳಿಗೆ ನಾನು ಹೇಳಿರಲಿಲ್ಲ. ಗಂಡಿನ ತಂದೆ ಸಂಭ್ರಮದಲ್ಲಿ, "ಸಂಘದಾಗ ನಮ್ಮ ಗಾಡೀನ ಆತು ನೋಡ್ರಿ, ಎಲ್ಲಾ ಬೀಗರ ಪುಣ್ಯ" ಎಂದರು. ತಟ್ಟೆ ಸ್ವಲ್ಪ ವಾಲಿತು. ಎರಡು ಅಡಿಕೆ ಉರುಳಿದವು. ಅವಳು ಬಗ್ಗಿ ಆರಿಸಿಟ್ಟು, ಶಾಸ್ತ್ರ ಮುಗಿಸಿ, ಹಿತ್ತಲಿಗೆ ಬಂದಳು.

"ಅಣ್ಣಾ, ಅವತ್ತ ನಿನಗ ಗೊತ್ತಿತ್ತೋ ಇಲ್ಲೋ?"

"ಅವತ್ತ ವೀಳ್ಯ ಎಲ್ಲಿ ಆಗಿತ್ತು ತಂಗಿ?"

"ನಾ ವೀಳ್ಯದ ಸುದ್ದಿ ಕೇಳಿದ್ನೇನು? ನಿನ್ನ ಮನಸ್ಸು ಯಾವ ಕಡಿ ಐತಿ ಅಂತ ಕೇಳಿದ್ದೆ. ಈಗರ ಸಂಘಕ್ಕ ಹೋಗಿ ಹೇಳು."

ಹೂವಿನ ಭರಾಟೆ ಮುಗಿಯಲಿ, ಹೇಳುತ್ತೇನೆ ಅಂದೆ. ಹೇಳಲಿಲ್ಲ. ವಾರ ಕಾದು ಅವಳೇ ಹೋಗಿ ಹೇಳಿದಳು. ಸಂಘ ತೀರ್ಮಾನ ರದ್ದು ಮಾಡಿತು. "ಊರಿಗೆಲ್ಲಾ ನಿಯಮ ಬರದಾಕಿ, ಮನ್ಯಾಗ ಹಿಂಗ" ಎಂದು ಯಾರೋ ಅಂದರಂತೆ. ಅವಳು ನಮ್ಮ ಸಂಘದ ಕೆಲಸ ಬಿಟ್ಟಳು. ಆ ಮಾತು ಬೇರೆ ಊರುಗಳಿಗೂ ಹೋಯಿತು. ಕೂಡ್ಲಿಗಿಯವರು ಮತ್ತೆ ಕರೆಯಲಿಲ್ಲ. ವರ್ಷಗಟ್ಟಲೆ ಗಳಿಸಿದ ಹೆಸರು ನನ್ನ ಒಂದು ಮೌನಕ್ಕೆ ಮಾಸಿತು. ಅವಳು ಒಂದು ದಿನವೂ ಆಡಿ ತೋರಿಸಲಿಲ್ಲ.

ಮೊನ್ನೆ ಕೊಟ್ಟೂರಿನಿಂದ ಬರುವ ಬಸ್ಸಿನಲ್ಲಿ ಪಕ್ಕದವನೊಬ್ಬ ತನ್ನ ಸಂಘಕ್ಕೆ ನಿಯಮ ಬರೆದುಕೊಡಲು ಬಂದ ಮೇಡಂ ಮಾಡಿದ ಪಾಠ ಹೇಳತೊಡಗಿದ.

"ಯಾರೋ ಒಬ್ಬ, ವೀಳ್ಯ ಆಗಿಲ್ಲ, ಅದಕ್ಕ ಬೀಗರಲ್ಲ ಅಂದನಂತ್ರಿ! ಎಂಥಾ ಶಾಣ್ಯಾ ನೋಡ್ರಿ!"

"ಅವ ಯಾರಂತ ಮೇಡಂ ಹೇಳಿದ್ರೇನು?" ಎಂದು ಕೇಳಿದೆ.

"ಎಷ್ಟು ಕೇಳಿದ್ರೂ ಹೇಳಲಿಲ್ರಿ. ನನಗ ಭಾಳ ಬೇಕಾದವರು ಅಂದ್ರಷ್ಟ."

ಅವನು ನಕ್ಕ. ನಾನೂ ನಕ್ಕೆ. ಕಿಟಕಿಯಾಚೆ ಬಿಸಿಲಲ್ಲಿ ಹೊಲಗಳು ತೇಲುತ್ತ ಹಿಂದೆ ಹೋಗುತ್ತಿದ್ದವು. ಅವನು ತನ್ನ ಊರಲ್ಲಿ ಇಳಿದು ಹೋಗುವವರೆಗೂ, ಅದು ನಾನೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.