ಕರಿ ವೈರಿನ ಜೀಪು, ಎರಡು ದಿನದ ದಾರಿ

ಹಿರೇಕೆರೂರಿನಿಂದ ನಾವು ಹೊರಟಾಗ ಬೆಳಗಿನ ಏಳೂವರೆ. ರಾತ್ರಿಯಿಡೀ ಸುರಿದ ಮಳೆ ಆಗಷ್ಟೇ ನಿಂತಿತ್ತು. ಜೀಪಿನ ಹಿಂದಿನ ಸೀಟಿನಲ್ಲಿ ಒಂದು ರಟ್ಟಿನ ಡಬ್ಬಿ ಇತ್ತು. ಅದರೊಳಗೆ ಟೈರಿಗೆ ಗಾಳಿ ತುಂಬುವ ಮಷೀನು, ಅಂದರೆ ಏರ್ ಕಂಪ್ರೆಸರ್. ನನ್ನ ಪಕ್ಕದಲ್ಲಿ ನಮ್ಮ ಮನೆಯವರು ಕುಳಿತಿದ್ದರು. ಸ್ಟೇರಿಂಗ್ ನನ್ನ ಕೈಯಲ್ಲಿತ್ತು. ಅದು ನನ್ನ ಕೈಗೆ ಬಂದು ಐದು ತಿಂಗಳಾಗಿತ್ತಷ್ಟೇ.

ನಮ್ಮ ಮನೆಯವರು ಲೈನ್‌ಮನ್ ಆಗಿ ಕಂಬ ಹತ್ತಿಯೇ ಆಯುಷ್ಯ ಕಳೆದವರು. ನಿವೃತ್ತರಾದ ಮೇಲೆ ನಾಲ್ಕೂ ಗಾಲಿಗೆ ಇಂಜಿನ್ನಿನ ಎಳೆತ ಸಿಗುವ ಈ ಹಳೆಯ ಡೀಸೆಲ್ ಜೀಪು ಕೊಂಡು, ಅದರ ವೈರಿಂಗನ್ನೆಲ್ಲ ಕಿತ್ತು ಹೊಸದಾಗಿ ತಾವೇ ಹಾಕಿದರು. ಮನೆಯಲ್ಲಿ ಕರಿ ವೈರಿನ ದೊಡ್ಡ ಸುರುಳಿಯೊಂದು ಇತ್ತೆಂದು ಎಲ್ಲದಕ್ಕೂ ಅದನ್ನೇ ಬಳಸಿದರು. ದೀಪಕ್ಕೂ ಕರಿ, ಹಾರ್ನಿಗೂ ಕರಿ. ಯಾವುದು ಯಾವುದು ಎನ್ನುವುದು ಅವರ ತಲೆಯಲ್ಲಿತ್ತು. ಕಂಪ್ರೆಸರ್ ಮನೆಗೆ ಬಂದ ತಿಂಗಳೇ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಸೋತಿತು. ಕಾಲು ಕೋಲಿನ ಆಸರೆಗೆ ಬಂತು. ಮಾತೂ ಕಲಸಿಹೋಯಿತು. ಚಹಾ ಬೇಕಾದಾಗ ಸಾಬೂನು ಎನ್ನುತ್ತಿದ್ದರು, ನಾನು ಸಾಬೂನು ತಂದರೆ ಸಿಟ್ಟಾಗುತ್ತಿದ್ದರು.

ನಮ್ಮ ಹೊಲಕ್ಕೆ ಡಾಂಬರು ರಸ್ತೆ ಬಿಟ್ಟು ಎರಡು ಕಿಲೋಮೀಟರ್ ಎರೆಮಣ್ಣಿನ ದಾರಿ. ಮಳೆಗಾಲದಲ್ಲಿ ಟೈರಿನ ಗಾಳಿ ಅರ್ಧ ಇಳಿಸಿದರೆ ಅವು ಅಗಲವಾಗಿ ಕೆಸರಿನ ಮೇಲೆ ಹೋಗುತ್ತವೆ. ಆದರೆ ಹೊರಗೆ ಬಂದ ಮೇಲೆ ಡಾಂಬರಿನಲ್ಲಿ ಓಡಿಸಲು ಮತ್ತೆ ಗಾಳಿ ತುಂಬಬೇಕು. ತುಂಬುವ ಮಷೀನು ಡಬ್ಬಿಯಲ್ಲೇ ಉಳಿದಿತ್ತು. ಹಾಗಾಗಿ ಲಕ್ವಾ ಹೊಡೆದ ಮೇಲೆ ಅವರು ಹೊಲ ನೋಡಿರಲಿಲ್ಲ. ಬಿತ್ತನೆ ಮುಗಿದಾಗಿನಿಂದ ದಿನಾ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಬಂದು ಜೀಪಿನ ಪಕ್ಕ ನಿಲ್ಲುತ್ತಿದ್ದರು. ಊರಿನ ಎಲೆಕ್ಟ್ರಿಶಿಯನ್ ಬಾನೆಟ್ ಎತ್ತಿ ನೋಡಿ, ಇದಕ್ಕೆ ತಾನು ಕೈ ಹಚ್ಚುವುದಿಲ್ಲವೆಂದ. ಹಾನಗಲ್ಲಿನ ಮಂಜುನಾಥನೆಂಬವನ ಅಂಗಡಿಗೆ ಹೋಗಲು ಹೇಳಿದ.

ಅಕ್ಕಿಆಲೂರಿನಲ್ಲಿ ಸಂತೆಯ ಗದ್ದಲ. ಭತ್ತದ ಚೀಲ ಹೇರಿದ ಟ್ರ್ಯಾಕ್ಟರೊಂದರ ಹಿಂದೆ ಅರ್ಧ ತಾಸು ನಿಂತೆವು. ಹಾನಗಲ್ಲು ಮುಟ್ಟುವಾಗ ಹತ್ತು ದಾಟಿತ್ತು. ಮಂಜುನಾಥ ಒಳ್ಳೆಯ ಹುಡುಗ, ವಯಸ್ಸು ಮೂವತ್ತರ ಆಸುಪಾಸು. ಮನೆಯವರನ್ನು ನೋಡಿದ ಕೂಡಲೇ ನೆರಳಿಗೆ ಒಂದು ಸ್ಟೂಲು ಹಾಕಿದ. ಕಾಲು ನೋಯುತ್ತದೆ, ಕುಳಿತುಕೊಳ್ಳಿ ಎಂದು ನಾನೇ ಅವರನ್ನು ಜೀಪಿನಿಂದ ಹತ್ತು ಹೆಜ್ಜೆ ದೂರ ಕೂಡಿಸಿದೆ.

ಮಂಜುನಾಥ ಕಂಪ್ರೆಸರನ್ನು ಬಾನೆಟ್ಟಿನ ಒಳಗೆ ಒಂದು ಬದಿಗೆ ಬೋಲ್ಟು ಹಾಕಿ ಬಿಗಿದ. ಅಲ್ಲಿಯವರೆಗೆ ಸುಗಮ. ಅದಕ್ಕೆ ಕರೆಂಟು ಎಲ್ಲಿಂದ ತರುವುದೆಂಬಲ್ಲಿ ಅವನಿಗೆ ದಿಕ್ಕು ತಪ್ಪಿತು. ಟೆಸ್ಟರ್ ಹಿಡಿದು ಒಂದೊಂದೇ ಕರಿ ವೈರು ಮುಟ್ಟುತ್ತ ಹೋದ. ಸ್ಟೂಲಿನ ಮೇಲಿಂದ ಮನೆಯವರು, “ಮ್ಯಾಲ, ಮ್ಯಾಲ” ಎಂದರು. ಮಂಜುನಾಥ ಮೇಲೆ ನೋಡಿದ. ನಾನೂ ನೋಡಿದೆ. ಅವನು ಜೀಪಿನ ಮಾಡಿನಲ್ಲಿದ್ದ ದೀಪವನ್ನೇ ಬಿಚ್ಚಿದ. ಅಲ್ಲಿ ಇನ್ನೆರಡು ಕರಿ ವೈರುಗಳಿದ್ದವು. ಮನೆಯವರು ಕೋಲಿನಿಂದ ನೆಲ ಕುಟ್ಟಿ ಮತ್ತೆ “ಮ್ಯಾಲ” ಎಂದರು. ಕೊನೆಗೆ ಅವನು ಯಾವುದೋ ಒಂದಕ್ಕೆ ಜೋಡಿಸಿ ಸ್ವಿಚ್ ಒತ್ತಿದ. ಕಂಪ್ರೆಸರ್ ಸುಮ್ಮನಿತ್ತು. ಗಾಜಿನ ವೈಪರ್ ಆಡತೊಡಗಿತು. ಬಿಚ್ಚಿ ಇನ್ನೊಂದಕ್ಕೆ ಜೋಡಿಸಿದ ಮೇಲೆ ವೈಪರ್ ಹಚ್ಚಿದರೆ ಕಂಪ್ರೆಸರ್ ನರಳುತ್ತ ಓಡಿತು.

“ಅಕ್ಕಾರ, ಇದರ ಲೆಕ್ಕ ನನಗ ಹತ್ತವಲ್ದು,” ಎಂದ ಮಂಜುನಾಥ. “ಶಿಗ್ಗಾಂವಿ ಹೈವೇಕ ಲಾರಿ ವೈರಿಂಗ್ ಮಾಡೋರದಾರ. ಅವರಿಗೆ ತೋರಸ್ರಿ.”

ಬಸ್ ನಿಲ್ದಾಣದ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಉಂಡು ದುಂಡಸಿ ದಾರಿ ಹಿಡಿದೆವು. ದುಂಡಸಿ ಹತ್ತಿರ ಬರುವಾಗ ಮಳೆ ಶುರುವಾಯಿತು. ವೈಪರ್ ಹಚ್ಚದೆ ರಸ್ತೆ ಕಾಣದು, ಹಚ್ಚಿದರೆ ಬಾನೆಟ್ಟಿನೊಳಗೆ ಕಂಪ್ರೆಸರ್ ಗುರ್ ಎನ್ನುತ್ತದೆ. ಎದುರಿಗೆ ಬಂದ ಬಸ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹಾಕಿ ನೋಡಿದ. ಸ್ವಲ್ಪ ದೂರ ಹಾಗೆಯೇ ಹೋಗಿ, ಸುಟ್ಟ ವಾಸನೆ ಬಂದಂತಾಗಿ, ಊರ ಬಸ್ ತಂಗುದಾಣದ ಪಕ್ಕ ನಿಲ್ಲಿಸಿ ಎಲ್ಲ ಬಂದ್ ಮಾಡಿದೆ. ಮುಕ್ಕಾಲು ತಾಸು ಜೀಪಿನೊಳಗೇ ಕುಳಿತೆವು. ಅವರು ನನ್ನ ಮುಖ ನೋಡಿ, ಈ ಸಲ ನಿಧಾನವಾಗಿ, “ಮ್ಯಾಲ” ಎಂದರು. ಮಳೆಯ ಮಾತು ಎಂದುಕೊಂಡು, ಈಗ ನಿಲ್ಲುತ್ತದೆ ಬಿಡಿ ಎಂದೆ. ಅವರು ಮುಖ ತಿರುಗಿಸಿಕೊಂಡರು.

ಶಿಗ್ಗಾಂವಿಯಲ್ಲಿ ಹೆದ್ದಾರಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಲಾರಿಗಳ ನಡುವೆ ನಮ್ಮ ಜೀಪು ನಿಂತಿತು. ಅಲ್ಲಿಯೂ ಒಂದು ಸ್ಟೂಲು ಬಂತು. ಅಲ್ಲಿಯೂ ನಾನು ಅವರನ್ನು ಕೂಡಿಸಿದೆ. ಆ ಮೇಸ್ತ್ರಿ ಮಾತಿನವನಲ್ಲ. ಮಂಜುನಾಥನ ಕೆಲಸವನ್ನೆಲ್ಲ ಕತ್ತರಿಸಿ ಹಾಕಿ, ಬ್ಯಾಟರಿಯಿಂದಲೇ ನೇರವಾಗಿ ವೈರು ಎಳೆದು, ಸ್ವಿಚ್ಚಿನ ವೈರನ್ನು ಕೀಲಿಯ ಹಿಂದಿನ ಒಂದು ಕರಿ ವೈರಿಗೆ ಕೂಡಿಸಿದ. ಕಂಪ್ರೆಸರ್ ಜೋರಾಗಿ ಓಡಿತು. ನಾನು ಸಮಾಧಾನದಿಂದ ಕೀಲಿ ತಿರುಗಿಸಿ ಹೊರಗೆ ತೆಗೆದೆ. ಇಂಜಿನ್ ನಿಲ್ಲಲಿಲ್ಲ. ಕೀಲಿ ನನ್ನ ಅಂಗೈಯಲ್ಲಿತ್ತು, ಜೀಪು ಓಡುತ್ತಲೇ ಇತ್ತು. ಏನಾಯಿತೆಂದು ಕೇಳಿದರೆ, ಕೀಲಿ ತೆಗೆದರೂ ಹೊಸ ವೈರಿನ ಮೂಲಕ ಕರೆಂಟು ಹಿಂದಿನ ಬಾಗಿಲಿನಿಂದ ಬಂದಂತೆ ಒಳಗೆ ಬರುತ್ತಿದೆ ಎಂದ. ಗೇರಿಗೆ ಹಾಕಿ ಕ್ಲಚ್ ಬಿಟ್ಟು, ಜಗ್ಗಿಸಿ ಆರಿಸುವುದನ್ನು ನನಗೆ ಕಲಿಸಿದ. ಎರಡು ತಾಸು ಹೆಣಗಿ ಕೈ ಒರೆಸಿಕೊಂಡ.

“ಬಾಯಾರ, ಇದನ್ನ ಯಾರು ಹಾಕ್ಯಾರ, ಅವರನ್ನ ಕೇಳಬೇಕಷ್ಟ.”

ಅವರೇ ಎಂದು ಸ್ಟೂಲಿನ ಕಡೆ ತೋರಿಸಿದೆ. ಮೇಸ್ತ್ರಿ ಅವರನ್ನು ನೋಡಿದ, ನನ್ನನ್ನು ನೋಡಿದ, ಪಕ್ಕದ ಲಾರಿಯ ಕಡೆ ಹೋದ.

ಆ ಸಂಜೆ ಶಿಗ್ಗಾಂವಿಯಲ್ಲೇ ಇರುವ ನನ್ನ ತಂಗಿಯ ಮನೆಯಲ್ಲಿ ಉಳಿದೆವು. ಹೋದ ಕೆಲಸದ ಜೊತೆಗೆ ಜೀಪಿಗೆ ಹೊಸದೊಂದು ರೋಗ ಹಚ್ಚಿಕೊಂಡು ಬಂದಿದ್ದೆ. ಊರಿಗೆ ವಾಪಸು ಹೋಗುವುದೇ ಒಳ್ಳೆಯದು ಎನ್ನಿಸಿತ್ತು. ಬೆಳಿಗ್ಗೆ ತಂಗಿಯ ಗಂಡ, ಸವಣೂರಿನಲ್ಲಿ ಖಾದರಸಾಬ ಎಂಬ ಹಳೆಯ ಜೀಪು ಮೇಸ್ತ್ರಿ ಇದ್ದಾರೆ, ಅವರಿಗೊಮ್ಮೆ ತೋರಿಸಿ ಎಂದರು. ಇಪ್ಪತ್ತು ಕಿಲೋಮೀಟರ್ ದಾರಿ ಅಷ್ಟೇ. ಊರ ಹೊರಗೆ ದಾರಿ ಕವಲೊಡೆದಲ್ಲಿ ಮನೆಯವರು “ಎಡಕ” ಎಂದರು. ಎಡಕ್ಕೆ ಹೊರಳಿದೆ. ಅವರು ಡ್ಯಾಶ್‌ಬೋರ್ಡ್ ಬಡಿದರು. ವೇಗ ಹೆಚ್ಚಿಸಬೇಕೆಂದು ತಿಳಿದು ಹೆಚ್ಚಿಸಿದೆ. ಮುಟ್ಟಿದ್ದು ಹುಲಗೂರು. ದರ್ಗಾದ ಹತ್ತಿರ ಹೂವು ಮಾರುವವಳೊಬ್ಬಳು, ಸವಣೂರಿಗೆ ಹಿಂದೆಯೇ ಬಲಕ್ಕೆ ಹೊರಳಬೇಕಿತ್ತಲ್ಲ ಎಂದಳು. ನಾನು ಅವರ ಕಡೆ ತಿರುಗಿದೆ. ಅವರು ಹಣೆಗೆ ಎಡಗೈ ಹಚ್ಚಿಕೊಂಡು ಕುಳಿತಿದ್ದರು.

ಖಾದರಸಾಬರ ಅಂಗಡಿ ಸವಣೂರಿನ ಒಂದು ಸಣ್ಣ ಗಲ್ಲಿಯಲ್ಲಿತ್ತು. ಎದುರಿಗೆ ವೀಳ್ಯದೆಲೆ ಮಾರುವವರ ಬುಟ್ಟಿಗಳು. ಖಾದರಸಾಬರಿಗೆ ಎಪ್ಪತ್ತಾದರೂ ಆಗಿರಬೇಕು. ಇಂಜಿನ್ ಆರಿಸುವ ಕಷ್ಟ ಬೇಡವೆಂದು ನಾನು ಸೀಟಿನಲ್ಲೇ ಕುಳಿತು ಎಲ್ಲ ಕಥೆ ಹೇಳಿದೆ. ಅವರು ಕೇಳಿಸಿಕೊಂಡರೇ ಹೊರತು ಬಾನೆಟ್ ಎತ್ತಲಿಲ್ಲ. ಮನೆಯವರ ಬದಿಗೆ ಹೋಗಿ ಬಾಗಿಲು ತೆಗೆದು, ಕೈ ಹಿಡಿದು ಇಳಿಸಿ, ಟೆಸ್ಟರನ್ನು ಅವರ ಎಡಗೈಗೆ ಕೊಟ್ಟರು.

“ಹೇಳಬ್ಯಾಡ್ರಿ ಯಜಮಾನ್ರ,” ಎಂದರು. “ತೋರಸ್ರಿ.”

ಮನೆಯವರು ಕೋಲು ಒಳಗೇ ಬಿಟ್ಟರು. ಜೀಪಿನ ಮೈಗೆ ಭುಜ ಆನಿಸಿಕೊಂಡು ಮುಂದಿನಿಂದ ಸುತ್ತಿ ಬಂದರು. ನನ್ನ ಬಾಗಿಲಿನ ಹತ್ತಿರ ನಿಂತು ನನ್ನ ಸೀಟನ್ನು ಟೆಸ್ಟರಿನಿಂದ ತಟ್ಟಿದರು. “ಮ್ಯಾಲ” ಎಂದರು. ಇಳಿಯೆಂದು ಹೇಳುತ್ತಿದ್ದಾರೆ ಎಂದುಕೊಂಡು, ಗೇರಿಗೆ ಹಾಕಿ ಇಂಜಿನ್ ಆರಿಸಿ ಇಳಿದೆ. ಖಾದರಸಾಬರು ಸೀಟು ಎತ್ತಿದರು.

ಕೆಳಗೆ, ತಗಡಿಗೆ ಒತ್ತಿಕೊಂಡು, ಟೇಪು ಸುತ್ತಿದ ಒಂದು ಗಂಟು ಇತ್ತು. ಬಿಡಿಸಿದರೆ ದಪ್ಪನೆಯ ಕೆಂಪು ವೈರು. ಇಡೀ ಜೀಪಿನಲ್ಲಿ ಕರಿಯಲ್ಲದ ಒಂದೇ ವೈರು ಅದು. ಅದಕ್ಕೆ ಫ್ಯೂಜು ಇತ್ತು, ದೊಡ್ಡ ಕರೆಂಟನ್ನು ಸಣ್ಣ ಸ್ವಿಚ್ಚಿನಿಂದ ಬಿಡುವ ಚೌಕದ ರಿಲೇ ಡಬ್ಬಿ ಇತ್ತು, ಸ್ವಿಚ್ಚಿಗೆ ಹೋಗುವ ಎರಡು ಎಳೆಗಳೂ ಇದ್ದವು.

“ಎಲ್ಲಾ ಮಾಡಿ ಇಟ್ಟಾರ ನೋಡ್ರಿ,” ಎಂದರು ಖಾದರಸಾಬರು. “ಮಷೀನ್ ಜೋಡಸೋದಷ್ಟ ಬಾಕಿ.”

ಮೇಲೆ ಎಂದರೆ ಕೆಳಗೆ. ಎಡ ಎಂದರೆ ಬಲ. ಎರಡು ದಿನ ಅವರು ಹೇಳಿದ್ದು ಒಂದೇ ಮಾತು, ನಾನು ಕುಳಿತಿದ್ದು ಅದರ ಮೇಲೆಯೇ. ಜೀಪಿನ ಹತ್ತಿರ ಬಿಟ್ಟಿದ್ದರೆ ಹಾನಗಲ್ಲಿನಲ್ಲೇ ಬೆರಳು ಇಟ್ಟು ತೋರಿಸುತ್ತಿದ್ದರು. ಎರಡೂ ಕಡೆ ಸ್ಟೂಲಿನ ಮೇಲೆ ಕೂಡಿಸಿದವಳು ನಾನು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಎಲೆ ಮಾರುವವರ ಕಡೆ ಹೋಗಿ ಬೇಡದಿದ್ದರೂ ಒಂದು ಕಟ್ಟು ಎಲೆ ಕೊಂಡು, ಕಣ್ಣು ಒರೆಸಿಕೊಂಡು ಬಂದೆ.

ಒಂದೂವರೆ ತಾಸು ಕೆಲಸ ನಡೆಯಿತು. ಬೇರೆಯವರು ಹಾಕಿದ ಗಂಟುಗಳನ್ನು ಖಾದರಸಾಬರು ಬಿಡಿಸಿದರು. ಯಾವ ಎಳೆ ಎಲ್ಲಿಗೆ ಎಂದು ಮನೆಯವರು ಬೆರಳಿಟ್ಟರು. ವೈರಿನ ತೊಗಟೆಯನ್ನು ಹಲ್ಲಿನಿಂದ ಸುಲಿದರು. ತಿರುವಬೇಕಾದಾಗ ಒಂದು ತುದಿ ನನ್ನ ಕೈಗೆ ಕೊಟ್ಟರು. ಕಡೆಗೆ ಸ್ವಿಚ್ ಒತ್ತಿದಾಗ ಕಂಪ್ರೆಸರ್ ಓಡಿತು, ವೈಪರ್ ಸುಮ್ಮನಿತ್ತು. ಕೀಲಿ ತಿರುಗಿಸಿದಾಗ ಇಂಜಿನ್ ನಿಂತಿತು.

ನಿಮಗೆ ಹೇಗೆ ಹೊಳೆಯಿತು ಎಂದು ಖಾದರಸಾಬರನ್ನು ಕೇಳಿದೆ.

“ಹೊಳಿಯೋದೇನ್ರಿ ಬಾಯಾರ,” ಎಂದರು. “ನಮ್ಮ ಉಸ್ತಾದ ಏನೂ ಹೇಳತಿದ್ದಿಲ್ಲ. ತೋರಸ್ತಿದ್ದ, ಅಷ್ಟ.”

ಸವಣೂರಿನ ಕುರುಕಲು ಖಾರ ಅರ್ಧ ಕಿಲೋ ಕಟ್ಟಿಸಿಕೊಂಡು, ಹಾವೇರಿ ಮೇಲೆ ಹಾಯ್ದು, ನಾಲ್ಕೂವರೆಗೆ ನಮ್ಮ ಸೀಮೆ ಮುಟ್ಟಿದೆವು. ಮನೆಗೆ ಹೋಗದೆ ನೇರ ಹೊಲದ ದಾರಿಗೆ ಬಂದೆ. ನಾಲ್ಕೂ ಟೈರಿನ ಗಾಳಿ ಇಳಿಸಿ, ನಾಲ್ಕೂ ಗಾಲಿ ಎಳೆಯುವ ಸಣ್ಣ ಗೇರಿನ ಕೋಲು ಎಳೆದು, ಎರೆಮಣ್ಣಿಗೆ ಇಳಿಸಿದೆ. ಜೀಪು ಅತ್ತ ಇತ್ತ ಜಾರಿತು. ಒಂದು ಕಡೆ ನಿಂತೇ ಬಿಟ್ಟಿತು ಎನ್ನಿಸಿತು. ಮತ್ತೆ ಹೊರಟಿತು. ಗೋವಿನಜೋಳ ಎದೆಯೆತ್ತರ ಬಂದಿತ್ತು. ಅವರು ಬದುವಿನ ಮೇಲೆ ನಿಂತು ಒಂದು ಎಲೆ ಹಿಡಿದುಕೊಂಡು ಬಹಳ ಹೊತ್ತು ಏನೇನೋ ಹೇಳಿದರು. ಸಾಬೂನು, ಬಸ್ಸು, ಯಾರದೋ ಹೆಸರು. ಅರ್ಥವಾಗಲಿಲ್ಲ. ನಾನು ಕೇಳುತ್ತ ನಿಂತೆ.

ವಾಪಸು ಡಾಂಬರಿಗೆ ಬಂದು ಗಾಳಿ ತುಂಬಲು ನಿಂತಾಗ ಬಿಸಿಲು ಇನ್ನೂ ಇತ್ತು. ಅವರು ಗಾಲಿಯ ಪಕ್ಕದ ಕಲ್ಲಿನ ಮೇಲೆ ಕುಳಿತು ಪೈಪು ಹಿಡಿದರು. ನಾನು ಸ್ವಿಚ್ಚಿನ ಹತ್ತಿರ. ಮೂರು ಟೈರು ಮುಗಿದಿದ್ದವು. ಪಕ್ಕದ ಹೊಲದ ನಿಂಗಪ್ಪ ಬೈಕು ನಿಲ್ಲಿಸಿದ. ಅವನ ಹಿಂದಿನ ಟೈರು ಮೆತ್ತಗಾಗಿತ್ತು.

“ಅಣ್ಣಾರ, ನನ್ನ ಗಾಡಿಗೂ ಒಂದೀಟು ಹಾಕ್ರಿ,” ಎಂದು ಅವನು ಕೇಳಿದ್ದು ಅವರನ್ನು.

ಅವರು ಪೈಪಿನ ತುದಿಯನ್ನು ಬೈಕಿಗೆ ಸಿಕ್ಕಿಸಿ ನನಗೆ ಕೈಸನ್ನೆ ಮಾಡಿದರು. ಒತ್ತಿದೆ. ಮತ್ತೆ ಕೈ ಎತ್ತಿದರು. ಬಿಟ್ಟೆ. ನಿಂಗಪ್ಪ ಟೈರು ಒತ್ತಿ ನೋಡಿ, ತಲೆದೂಗಿ ಹೊರಟುಹೋದ. ನಾಲ್ಕನೆಯ ಟೈರು ಇನ್ನೂ ಬಾಕಿ ಇತ್ತು. ಅವರು ಪೈಪನ್ನು ಹೆಗಲಿಗೆ ಹಾಕಿಕೊಂಡು, ಜೀಪಿನ ಮೈ ಹಿಡಿದು, ಅದರ ಕಡೆ ನಡೆದರು. ನಾನು ಸ್ವಿಚ್ಚಿನ ಮೇಲೆ ಬೆರಳಿಟ್ಟು, ಅವರ ಕೈ ಏಳುವುದನ್ನು ಕಾಯುತ್ತ ನಿಂತೆ.