ಆನೆ ಸುದ್ದಿಗೆ ಯಾವ ಲಿನಕ್ಸ್?

೨೦೦೯ರಲ್ಲಿ ನಾನು ಪಣಕಹಳ್ಳಿಯ ರೈತರ ಮಾಹಿತಿ ಕೇಂದ್ರದಲ್ಲಿ ಆಪರೇಟರ್ ಆಗಿದ್ದೆ. ಮೊಮ್ಮಕ್ಕಳೇ, ಅದು ನಿಮ್ಮ ತಾತ ತೀರಿಕೊಂಡ ಮೇಲೆ ನನಗೆ ಸಿಕ್ಕ ಕೆಲಸ. ನಾಲ್ಕು ಜನರೆದುರು ಬಾಯಿ ಬಿಡದ ನನಗೆ ಅದು ಒಗ್ಗಿತು. ತಾಳಮಲೆ ಕಡೆಯಿಂದ ಆನೆ ಇಳಿದರೆ ಕಾಡಂಚಿನ ಕಾವಲುಗಾರ ಜಡೆಯ ಫೋನ್ ಮಾಡುತ್ತಿದ್ದ. ನಾನು ಪರದೆಯ ಮೇಲೆ ಊರಿನ ಹೆಸರು ಒತ್ತಿದರೆ, ಆ ಊರಿನ ಮೊಬೈಲ್‌ಗಳಿಗೆಲ್ಲ ಒಂದಾದ ಮೇಲೊಂದು ಮಿಸ್ಡ್ ಕಾಲ್ ಹೋಗುತ್ತಿತ್ತು. ಓದಲು ಬಾರದವರಿಗೂ ಆ ನಂಬರ್ ಗೊತ್ತು. ಬಂತೆಂದರೆ ಆನೆ.

ಇದಕ್ಕೆ ಎರಡು ಕಂಪ್ಯೂಟರ್‌ಗಳಿದ್ದವು. ನನ್ನ ಮೇಜಿನ ಮೇಲಿದ್ದದ್ದು ಡೆಸ್ಕ್‌ಟಾಪ್. ಒಳಕೋಣೆಯಲ್ಲಿದ್ದದ್ದು ಸರ್ವರ್, ಅದಕ್ಕೆ ಪರದೆಯೇ ಇಲ್ಲ. ಸಿಮ್ ಹಾಕಿದ ಮೋಡೆಮ್ ಸಿಕ್ಕಿಸಿಕೊಂಡು ಕರೆ ಕೊಡುವುದಷ್ಟೇ ಅದರ ಕೆಲಸ. ಎರಡನ್ನೂ ನಡೆಸುತ್ತಿದ್ದದ್ದು ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ. ಲಿನಕ್ಸನ್ನು ಬೇರೆ ಬೇರೆ ಗುಂಪಿನವರು ತಮ್ಮ ರೀತಿಯಲ್ಲಿ ಜೋಡಿಸಿ ಹಂಚುತ್ತಾರೆ. ಅಂಥ ಒಂದೊಂದು ಜೋಡಣೆಗೆ ಡಿಸ್ಟ್ರಿಬ್ಯೂಷನ್ ಎಂದು ಹೆಸರು. ಚಾಮರಾಜನಗರದಿಂದ ಬರುತ್ತಿದ್ದ ಮೆಕ್ಯಾನಿಕ್ ಮಹದೇವು ಎರಡಕ್ಕೂ ಉಬುಂಟು ಹಾಕಿದ್ದ. ಆರು ತಿಂಗಳಿಗೊಮ್ಮೆ ಅದರ ಹೊಸ ಆವೃತ್ತಿ ಬರುತ್ತಿತ್ತು. ಕನ್ನಡ, ತಮಿಳು ಅಕ್ಷರಗಳು ಅಕ್ಕಪಕ್ಕ ಮೂಡಿದ್ದನ್ನು ಮೊದಲು ಕಂಡಾಗ ನಾನು ಪರದೆಯನ್ನು ಸೆರಗಿನಿಂದ ಒರೆಸಿ ಮತ್ತೆ ನೋಡಿದ್ದೆ.

ಒಂದು ಮಧ್ಯಾಹ್ನ ಮಹದೇವು ಸರ್ವರ್‌ಗೂ ಹೊಸ ಆವೃತ್ತಿ ಹಾಕಲು ಕೂತ. ಯಂತ್ರ ಮತ್ತೆ ಚಾಲೂ ಆಯಿತು. ಆದರೆ ಅದರೊಳಗೆ ಮೋಡೆಮ್‌ಗೆ ಬೇರೆ ಹೆಸರು ಬಿದ್ದಿತ್ತು. ಕರೆ ಕೊಡುವ ಪ್ರೋಗ್ರಾಂ ಹಳೆಯ ಹೆಸರನ್ನೇ ಹುಡುಕುತ್ತಿತ್ತು. ಇದನ್ನು ಅವನು ಪತ್ತೆ ಮಾಡುವಷ್ಟರಲ್ಲಿ ಜಡೆಯನ ಫೋನ್ ಬಂತು.

"ಕೆರೆ ಏರಿ ತಾವ ಐದವೆ ಕಣಕ್ಕ. ಬಿರ್ನೆ ತಿಳ್ಸು."

ಕೆರೆಯ ಹಿಂದಿನ ಮುಸುಕಿನ ಜೋಳದ ಹೊಲದಲ್ಲಿ ನನ್ನ ನಾದಿನಿ ಪುಟ್ಟಮಣಿ ಇನ್ನಷ್ಟು ಹೆಂಗಸರೊಂದಿಗೆ ಕಳೆ ಕೀಳುತ್ತಿದ್ದಳು. ಒತ್ತಿದೆ. ಕರೆ ಹೋಗಲಿಲ್ಲ. ನನ್ನ ಮೊಬೈಲ್‌ನಿಂದ ಅವಳಿಗೆ ಮಾಡಿದೆ, ಎತ್ತಲಿಲ್ಲ. ಆನೆಗಳು ಎದುರಾದ ಮೇಲೆಯೇ ಅವರಿಗೆ ತಿಳಿದದ್ದು. ಪಂಪ್‌ಸೆಟ್ ಮನೆಯೊಳಗೆ ನುಗ್ಗಿ ಜೀವ ಉಳಿಸಿಕೊಂಡರು.

ಪುಟ್ಟಮಣಿ ಕೆಸರುಗಾಲಲ್ಲೇ ಕೇಂದ್ರಕ್ಕೆ ಬಂದಳು. "ಯಾಕತ್ತಿಗೆ, ನಿಮ್ಮ ಮಿಸೀನು ಒಸ ಸೀರೆ ಉಟ್ಕತಾ ಕೂತಿತ್ತಾ? ಆನೆ ಉಸ್ರು ಬಾಗ್ಲು ಸಂದೀಲಿ ಬತ್ತಿತ್ತು."

ಮಹದೇವು ಪ್ರೋಗ್ರಾಂನಲ್ಲಿ ಮೋಡೆಮ್‌ನ ಹೊಸ ಹೆಸರು ಬರೆದು, ಕರೆ ಹೋಗುವಂತೆ ಮಾಡಿಯೇ ಎದ್ದ. ಮರುದಿನ ಇನ್ನೊಂದು ಸಿಡಿ ತಂದ. ಡೆಬಿಯನ್ ಎಂಬ ಬೇರೆ ಡಿಸ್ಟ್ರಿಬ್ಯೂಷನ್, ಅದರ ಸ್ಟೇಬಲ್ ಎಂದರೆ ಸ್ಥಿರ ಆವೃತ್ತಿ.

"ಇದ್ರಲ್ಲಿರೋ ಪ್ರೋಗ್ರಾಂಗಳು ವಸಿ ಅಳೇವು ಅಕ್ಕ. ರಿಪೇರಿ ಮಾತ್ರ ಕಳಿಸ್ತರೆ, ಒಸ್ದು ತುರುಕಲ್ಲ. ಆದ್ರೆ ಎಲ್ಡು ಥರ ಇಟ್ಕಂಡ್ರೆ ನಂಗೆ ಕೆಲ್ಸ ಜಾಸ್ತಿ."

"ಅಲ್ಲಾಡ್ದೆ ಕೂತಿರ್ತದಾ?" ಎಂದೆ.

"ಕೂತಿರ್ತದೆ."

"ಒಳಗ್ಳದಕ್ಕೆ ಅದ್ನೇ ಆಕ್‌ಬುಡಪ್ಪ. ನನ್ನ ಮೇಜಿಗೆ ಉಬುಂಟುನೇ ಇರ್ಲಿ, ಅಕ್ಸರ ಚೆಂದಾಗವೆ."

ಕೆಲವು ವಾರಗಳ ನಂತರ ಹೊತ್ತು ಇಳಿಯುವಾಗ ಜಡೆಯ ಮತ್ತೆ ಫೋನ್ ಮಾಡಿದ. ಒತ್ತಿ, ಮಹಡಿಗೆ ಹೋಗಿ ನೋಡಿದೆ. ಪುಟ್ಟಮಣಿ ಮತ್ತು ಜೊತೆಯ ಹೆಂಗಸರು ಹೊಲದಿಂದ ಸಾಲಾಗಿ ಏರಿಯ ಮೇಲೆ ಬರುತ್ತಿದ್ದರು. ಮುಂದಿನವಳು ನಿಂತು ಸೊಂಟದ ಚೀಲಕ್ಕೆ ಕೈ ಹಾಕಿದಳು. ಅವಳ ಹಿಂದಿನವಳೂ ನಿಂತಳು. ಸದ್ದಿಲ್ಲದೆ ಎಲ್ಲರೂ ಬಂದ ದಾರಿಗೇ ತಿರುಗಿದರು. ಅವರು ಮರೆಯಾದ ಮೇಲೆ ಏರಿಯ ಈಚೆ ತುದಿಯಲ್ಲಿ ಜೋಳದ ಗರಿಗಳು ಸರಿದು ಆನೆಗಳು ಅದೇ ಏರಿ ಹತ್ತಿದವು. ದೊಡ್ಡ ಹೆಣ್ಣಾನೆ ಸೊಂಡಿಲು ಇಳಿಸಿ, ಹೆಂಗಸರ ಹೆಜ್ಜೆ ಮೂಸಿ, ಮರಿಯನ್ನು ಮುಂದಕ್ಕೆ ತಳ್ಳಿಕೊಂಡು ನೀರಿಗಿಳಿಯಿತು. ನಾನು ಕೈ ಮುಗಿದದ್ದು ಆನೆಗೋ ಒಳಕೋಣೆಯ ಯಂತ್ರಕ್ಕೋ ನನಗೇ ತಿಳಿಯಲಿಲ್ಲ.

ಕಣ್ಣಿಗೆ ಬೇಕಾದ ಯಂತ್ರ ಹೊಸದಾಗುತ್ತಿರಲಿ, ಜೀವ ಕಾಯುವ ಯಂತ್ರ ಇದ್ದ ಹಾಗೇ ಇರಲಿ ಎಂದು ಆ ಕೆಲಸ ನನಗೆ ಕಲಿಸಿತು. ಡೆಬಿಯನ್ ಬರೆದು ಪುಕ್ಕಟೆ ಹಂಚಿದವರು ಯಾವ ಯಾವ ದೇಶದವರೋ. ಪುಟ್ಟಮಣಿ ಎಂಬವಳೊಬ್ಬಳು ಅಂದು ಏರಿಯಿಂದ ಹಿಂದಕ್ಕೆ ನಡೆದದ್ದು ಅವರಿಗೆ ಎಂದಿಗೂ ತಿಳಿಯದು.